ಹಳೇ ಕಾರಿಗೆ ಕೂಲಂಟ್ ಬಾಟಲಿ: ಉಗುಳಿದ್ದನ್ನು ವಾಪಸ್ ಕುಡಿಸಿದ್ದು

"ಬಾಟಲಿ ಕಟ್ಟಿದ್ರೆ ಬಾಟಲಿ ತುಂಬುತ್ತೆ ಅಷ್ಟೇ, ವಾಪಸ್ ಹೋಗಲ್ಲ" ಎಂದು ನಮ್ಮ ಮೆಕ್ಯಾನಿಕ್ ನಕ್ಕಿದ್ದರು. ಮೊದಲ ಎರಡು ತಿಂಗಳು ಅವರ ಮಾತೇ ನಿಜವಾಯಿತು.

ನನ್ನ ಕಾರಿನಲ್ಲಿ ರೇಡಿಯೇಟರಿನಿಂದ ಉಕ್ಕಿದ ಕೂಲಂಟನ್ನು (ಎಂಜಿನ್ ತಂಪಾಗಿಸುವ ದ್ರವ) ಹೊರಬಿಡುವ ಓವರ್‌ಫ್ಲೋ ಪೈಪು ನೇರ ನೆಲಕ್ಕೇ ಬಿಟ್ಟಿತ್ತು. ನಾನು ರೇಡಿಯೇಟರಿನ ಕುತ್ತಿಗೆವರೆಗೆ ತುಂಬಿಸೋದು, ಅದು ಬಿಸಿಯಾಗಿ ಹಿಗ್ಗಿ ಉಗುಳೋದು. ಎಂಟು ಲೀಟರ್ ಹಿಡಿಯುವ ಗಾಡಿ, ಒಂದು ಸಲಕ್ಕೆ ಮುನ್ನೂರು ಮಿಲಿಯಾದರೂ ಹೋಗುತ್ತಿತ್ತು. ಕೂಲಂಟ್ ಪುಕ್ಕಟೆ ಬರಲ್ಲ ಅಲ್ವಾ?

ಉಗುಳಿದ್ದನ್ನು ಬಾಟಲಿಯಲ್ಲಿ ಹಿಡಿದರೆ, ತಣ್ಣಗಾಗುವಾಗ ರೇಡಿಯೇಟರ್ ಅದನ್ನೇ ವಾಪಸ್ ಎಳೆದುಕೊಳ್ಳಬೇಕು ಅನ್ನೋದು ನನ್ನ ಲೆಕ್ಕ. ಮೊದಲು ತಂಪು ಪಾನೀಯದ ಖಾಲಿ ಬಾಟಲಿ ಕಟ್ಟಿ, ಪೈಪನ್ನು ತಳ ಮುಟ್ಟಿಸಿದೆ. ಸಂಜೆ ಮುನ್ನೂರು ಮಿಲಿ ಬಂತು. ಬೆಳಿಗ್ಗೆಯೂ ಮುನ್ನೂರೇ ಇತ್ತು. ಬಿಸಿಗೆ ಬಾಟಲಿಯೂ ಸೊಟ್ಟಗಾಗಿತ್ತು.

ತಪ್ಪು ರೇಡಿಯೇಟರ್ ಕ್ಯಾಪಿನದು. ಹಳೇ ಕ್ಯಾಪಿಗೆ ಕೆಳಗೊಂದೇ ರಬ್ಬರ್. ವಾಪಸ್ ಎಳೆಯಬೇಕಾದರೆ ಮುಚ್ಚಳದಡಿಯಲ್ಲಿ ಇನ್ನೊಂದು ರಬ್ಬರ್ ಬೇಕು, ನಡುವೆ ವ್ಯಾಕ್ಯೂಮ್ ವಾಲ್ವ್ (ಒಳಗೆ ಒತ್ತಡ ಇಳಿದಾಗ ತೆರೆದು ಕೂಲಂಟನ್ನು ಒಳಬಿಡುವ ಕವಾಟ) ಇರಬೇಕು. ಹೊಸದು ತಂದೆ. ಕುತ್ತಿಗೆಯ ಆಳ ಒಂದು ಇಂಚು, ತಂದ ಕ್ಯಾಪ್ ಮುಕ್ಕಾಲು ಇಂಚಿನದು. ತಳಕ್ಕೆ ಕೂರಲೇ ಇಲ್ಲ, ಆ ದುಡ್ಡು ನೀರಿಗೆ ಹೋಯಿತು. ಮೂರನೆಯದು ಸರಿಯಾಗಿ ಕೂತಿತು. ಆದರೂ ಎಳೆಯಲಿಲ್ಲ!

ಕ್ಲಿಪ್ ಬದಲಿಸಿದೆ, ಪೈಪ್ ಬದಲಿಸಿದೆ. ಕೊನೆಗೆ ಪಾರದರ್ಶಕ ಪೈಪ್ ಹಾಕಿ, ಎಂಜಿನ್ ಆರಿಸಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ. ತಣ್ಣಗಾಗುವಾಗ ಪೈಪಿನಲ್ಲಿ ಕೂಲಂಟ್ ಅಲುಗಲೇ ಇಲ್ಲ. ಅಂದರೆ ಗಾಳಿ ಬೇರೆಲ್ಲಿಂದಲೋ ಒಳಗೆ ನುಗ್ಗುತ್ತಿದೆ. ಕುತ್ತಿಗೆಯ ಅಂಚಿಗೆ ತೆಳುವಾಗಿ ಬಣ್ಣ ಸವರಿ ಕ್ಯಾಪ್ ಒತ್ತಿ ತೆಗೆದೆ. ರಬ್ಬರ್ ಮೇಲೆ ಸುತ್ತಲೂ ಬಣ್ಣ ಅಂಟಿತ್ತು, ಉಗುರಿನಗಲ ಜಾಗ ಬಿಟ್ಟು. ಯಾರೋ ಯಾವ ಕಾಲದಲ್ಲೋ ಅಲ್ಲಿಗೆ ಸುತ್ತಿಗೆ ಏಟು ಕೊಟ್ಟಿದ್ದರು. ಹಿತ್ತಾಳೆ ಒಳಕ್ಕೆ ತಗ್ಗಿತ್ತು.

ಅದನ್ನು ಎತ್ತಿ ಸಮ ಮಾಡಿದ ಬಗೆ ಮಾತ್ರ ಹೇಳೋದಿಲ್ಲ, ಒಂದು ಗುಟ್ಟಾದರೂ ನನಗಿರಲಿ. ಬೆಂಕಿ ಮಾತ್ರ ತೋರಿಸಬೇಡಿ, ಬೆಸುಗೆ ಬಿಟ್ಟುಕೊಳ್ಳುತ್ತದೆ.

ನಡುವೆ ಒಂದು ಅಧಿಕಪ್ರಸಂಗವನ್ನೂ ಮಾಡಿದೆ. ಒತ್ತಡ ಚದರ ಇಂಚಿಗೆ ಒಂದು ಪೌಂಡ್ ಏರಿದರೆ ಕುದಿಯುವ ಬಿಂದು ಸುಮಾರು ಒಂದೂವರೆ ಡಿಗ್ರಿ ಸೆಲ್ಸಿಯಸ್ ಮೇಲೇರುತ್ತದೆ ಎಂದು ಲೆಕ್ಕ ಹಾಕಿ, 7 ಪೌಂಡ್ ಒತ್ತಡ ತಡೆಯುವ ಕ್ಯಾಪಿನ ಜಾಗದಲ್ಲಿ 13ರದನ್ನು ಹಾಕಿದೆ. ಮೂರನೇ ದಿನ ಕಾರಿನೊಳಗಿನ ಹೀಟರ್ ಸೋರಿ ಕಾರ್ಪೆಟ್ ಒದ್ದೆ. ಬಾಟಲಿ, ಕ್ಯಾಪ್, ಪೈಪ್ ಎಲ್ಲ ಸೇರಿದರೂ ಆ ರಿಪೇರಿಯಷ್ಟು ಖರ್ಚಾಗಿರಲಿಲ್ಲ. ಮರುದಿನವೇ 7ಕ್ಕೆ ವಾಪಸ್.

ಅಂದಕ್ಕೆಂದು ತಾಮ್ರದ ಡಬ್ಬಿಯನ್ನೂ ಕೂರಿಸಿ ನೋಡಿದೆ. ಬಾನೆಟ್ ಎತ್ತಿದರೆ ಭಾರಿ ಚೆಂದ, ಆದರೆ ಮಟ್ಟ ಕಾಣಲ್ಲ. ಈಗಿರೋದು ಗುಜರಿ ಕಾರಿನಿಂದ ಬಿಚ್ಚಿದ ದಪ್ಪ ಪ್ಲಾಸ್ಟಿಕ್ ಟ್ಯಾಂಕ್, ಲೀಟರಿಗೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ತಣ್ಣಗಿದ್ದಾಗ ಮೂರನೇ ಒಂದು ಭಾಗ ತುಂಬಿರುತ್ತದೆ.

ನಾಲ್ಕು ತಿಂಗಳಾಯಿತು, ಎರಡೂವರೆ ಸಾವಿರ ಕಿಲೋಮೀಟರ್ ಓಡಿರಬೇಕು. ಒಂದೇ ಒಂದು ಸಲ, ನೂರು ಮಿಲಿಯಷ್ಟು ಸೇರಿಸಿದ್ದೇನೆ. ಮೆಕ್ಯಾನಿಕ್ ಬಂದು ಟ್ಯಾಂಕಿಗೆ ಅಂಟಿಸಿದ್ದ ಟೇಪಿನ ಗೆರೆಗಳನ್ನು ಎರಡು ಸಲ ನೋಡಿದರು, ಏನೂ ಹೇಳಲಿಲ್ಲ. ಈಗಲೂ ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆಯುತ್ತೇನೆ. ಕೂಲಂಟ್ ಕುತ್ತಿಗೆಮಟ್ಟಕ್ಕೆ ನಿಂತಿರುತ್ತದೆ. ತೆಗೆಯುವ ಅಗತ್ಯವೇನೂ ಇಲ್ಲ, ಸುಮ್ನೆ ನೋಡೋಕೆ.