ಲಿಂಬೆ ಕೇಕ್‌ಗೆ ಶುಂಠಿ ಸೋಡಾ ಹಾಕುವಾಗ

ಅಕ್ಕಂದಿರೇ, ಅಣ್ಣಂದಿರೇ, ಲಿಂಬೆ ಲೇಯರ್ ಕೇಕ್ ಮಾಡುವಾಗ ಒಮ್ಮೆ ಹಾಲಿನ ಬದಲು ಶುಂಠಿ ಸೋಡಾ ಹಾಕಿ ನೋಡಿ. ಅಮೆರಿಕದ ಕೆಂಟಕಿಯಲ್ಲಿ 1926ರಿಂದ ಬರುತ್ತಿರುವ ಏಲ್ ಎಯ್ಟ್ ಒನ್ ಅನ್ನೋ ಶುಂಠಿ ಸೋಡಾ ಇದೆ. ನಮಗೆ ಅದೇ ಬೇಕಂತಿಲ್ಲ, ಕಲಬುರಗಿಯಲ್ಲಿ ಸಿಗುವ ಜಿಂಜರ್ ಸೋಡಾ ಸಾಕು. ಖಾರ ಕಮ್ಮಿ ಅನಿಸಿದರೆ ಬೀದರ್ ಕಡೆಯ ಹಸಿ ಅಲ್ಲ (ಅಂದ್ರೆ ಶುಂಠಿ) ತುರಿದು, ಒಂದು ಚಮಚ ರಸ ಹಿಂಡಿ.

ಏಳು ಇಂಚಿನ ಎರಡು ಪಾತ್ರೆಗೆ 200 ಗ್ರಾಂ ಮೈದಾ, 2 ಟೀ ಚಮಚ ಬೇಕಿಂಗ್ ಪೌಡರ್, 120 ಗ್ರಾಂ ಬೆಣ್ಣೆ, 180 ಗ್ರಾಂ ಸಕ್ಕರೆ, 3 ಮೊಟ್ಟೆ, 120 ಮಿಲಿ ಸೋಡಾ. ಮೂರು ಲಿಂಬೆಹಣ್ಣಿನ ಮೇಲಿನ ಹಳದಿ ಸಿಪ್ಪೆ ಮಾತ್ರ ತುರಿಯಿರಿ. ಒಳಗಿನ ಬಿಳಿ ಭಾಗ ಬಂದರೆ ಕೇಕ್ ಕಹಿ.

ಮುಖ್ಯ ಮಾತು ಇದು. ಸೋಡಾ ಬಾಟಲಿ ಕೊನೆಯಲ್ಲೇ ಬಿಚ್ಚಿ. ಹಿಟ್ಟಿಗೆ ಹಾಕಿದ ಕೂಡಲೇ ಚುಸ್ ಅಂತ ನೊರೆ ಬರುತ್ತೆ, ಮರದ ಸೌಟಿನಿಂದ ಮೆಲ್ಲಗೆ ಏಳೆಂಟು ಸಲ ತಿರುವಿ, ತಕ್ಷಣ ಓವನ್‌ಗೆ ಇಡಿ. ನಾನು ಮೊದಲ ಸಲ ಜಾಸ್ತಿ ಕಲಸಿದೆ, ಗುಳ್ಳೆ ಎಲ್ಲಾ ಹೋಗಿ ತಳ ಗಟ್ಟಿಯಾಗಿ ಕೂತಿತು. 180 ಡಿಗ್ರಿಯಲ್ಲಿ 25ರಿಂದ 30 ನಿಮಿಷ ಬೇಕು.

ಉಳಿದ ಸೋಡಾಕ್ಕೆ ಸಕ್ಕರೆ ಸೇರಿಸಿ, ಕುದಿಸಿ ಅರ್ಧಕ್ಕೆ ಇಳಿಸಿ. ಒಲೆ ಆರಿಸಿದ ಮೇಲೆ ಲಿಂಬೆ ರಸ ಹಿಂಡಿ, ಬಿಸಿ ಕೇಕಿನ ಮೇಲೆ ಚಿಮುಕಿಸಿ. ನಮ್ಮ ಬೇಸಿಗೆಗೆ ಬೆಣ್ಣೆ ಕ್ರೀಮ್ ನಿಲ್ಲಲ್ಲ ಅಲ್ವಾ, ಕೇಕ್ ಪೂರ್ತಿ ಆರಿದ ಮೇಲೆ ಕ್ರೀಮ್ ಹಚ್ಚಿ, ಬಡಿಸೋವರೆಗೂ ಫ್ರಿಜ್‌ನಲ್ಲೇ ಇರಲಿ.