ಐದು ಶೇಪು ಬಿಟ್ಟೆ, ಮೂರು ತಂತಿ ಹಿಡಿದೆ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ವಾದ್ಯವೃಂದದಲ್ಲಿ ಗಿಟಾರ್ ವಿಷಯಕ್ಕೆ ಎಲ್ಲರದ್ದೂ ಒಂದೇ ಮಾತು: “ಇ ಶೇಪು, ಎ ಶೇಪು ಎರಡು ಬಾರ್ ಬಂದರೆ ಸಾಕು ಮಾರಾಯ, ಉಳಿದದ್ದಕ್ಕೆ ಕ್ಯಾಪೋ ಉಂಟಲ್ಲ.” ಶೇಪು ಎಂದರೆ ಕಾರ್ಡಿಗೆ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ, ಬೆರಳು ಕೂರುವ ಆಕಾರ; ಬಾರ್ ಎಂದರೆ ಒಂದೇ ಬೆರಳನ್ನು ತಂತಿಗಳಿಗೆ ಅಡ್ಡ ಒತ್ತುವುದು; ಕ್ಯಾಪೋ ಎಂದರೆ ಗಿಟಾರಿನ ಕತ್ತಿಗೆ ಹಾಕಿ ಶ್ರುತಿ ಏರಿಸುವ ಕ್ಲಿಪ್ಪು. ಆ ಮಾತನ್ನು ಮೀರಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಈಗ ಕೈ ಎಲ್ಲಿದೆಯೋ ಅಲ್ಲೇ ಬೇಕಾದ ಕಾರ್ಡ್ ಸಿಗುತ್ತದೆ.

ಮೊದಲ ಏಳು ತಿಂಗಳು ದಂಡ. ಠಾಣೆ ಊರಿನ ಒಂದು ಕ್ಲಾಸಿಗೆ ತಿಂಗಳಿಗೆ 2,500 ರೂಪಾಯಿ. ಸಿ, ಎ, ಜಿ, ಇ, ಡಿ ಐದೂ ಶೇಪು ಬಾಯಿಪಾಠ ಮಾಡಿಸಿದರು, ಚಿತ್ರಗಳನ್ನು ಗೋಡೆಗೂ ಅಂಟಿಸಿಕೊಂಡೆ. ಶೇಪು ಬಂತು, ಕಾರ್ಡಿಗೆ ಹೆಸರು ಕೊಡುವ ಮೂಲಸ್ವರ ಎಲ್ಲಿ ಕೂತಿದೆ ಎಂದು ಬೆರಳಿಗೆ ತಿಳಿಯಲಿಲ್ಲ. ಜಿ ಶೇಪನ್ನು ಪೂರ್ತಿ ಬಾರ್ ಹಿಡಿಯಲು ಹೋಗಿ ಮಣಿಕಟ್ಟು ನೋವು, ಎರಡು ವಾರ ಗಿಟಾರ್ ಮುಟ್ಟಲಿಲ್ಲ. ತಂತಿಯ ಎತ್ತರ ಇಳಿಸಲು 800, ತಂತಿ ಸೆಟ್ಟು ಐದಾರು. ಒಟ್ಟು 20,000 ದಾಟಿರಬೇಕು.

ಆಮೇಲೆ ಸಣ್ಣ ಮೂರು ತಂತಿ ಮಾತ್ರ ಇಟ್ಟುಕೊಂಡೆ. ಮೂರು, ಎರಡು, ಒಂದನೇ ತಂತಿಯ ಕ್ರಮದಲ್ಲಿ ಒತ್ತುವ ಫ್ರೆಟ್ (ಕತ್ತಿನ ಮೇಲಿನ ಮನೆ) ಬರೆದರೆ ಸಿ ಮೇಜರ್ 5-5-3, ಮುಂದೆ 9-8-8, ಆಮೇಲೆ 12-13-12. ಇಲ್ಲಿ ಶೇಪು ಮೂರೇ. ಒಂದು ತಿಂಗಳು ಸಿ ಬಿಟ್ಟು ಬೇರೇನೂ ನುಡಿಸಲಿಲ್ಲ; ಪ್ರತಿ ಸಲ ಮೂಲಸ್ವರ ಯಾವ ಬೆರಳಿನ ಕೆಳಗಿದೆ ಎಂದು ಬಾಯಲ್ಲಿ ಹೇಳುತ್ತಿದ್ದೆ. ನಂತರ ಸಿ 5-5-3, ಎಫ್ 5-6-5, ಜಿ 4-3-3. ನಾಲ್ಕು ಫ್ರೆಟ್ಟಿನೊಳಗೆ ಇಡೀ ಹಾಡು ಮುಗಿಯುತ್ತದೆ, ಅಂಗೈ ಕದಲುವುದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಕೈ ಬಿಟ್ಟ ಜಿ ಶೇಪಿನಲ್ಲೂ ಒಂದು ತುಂಡು ಉಳಿಸಿಕೊಂಡಿದ್ದೇನೆ: ಐದನೇ ಫ್ರೆಟ್ಟಿನಲ್ಲಿ ನಾಲ್ಕು, ಮೂರು, ಎರಡನೇ ತಂತಿಗೆ ಅಡ್ಡ ಒಂದೇ ಬೆರಳು. ಅದೂ ಸಿ. ಕಾರ್ಡ್ ಬದಲಿಸುವಾಗ ಯಾವ ಬೆರಳನ್ನು ಎತ್ತದೆ ಬಿಡುತ್ತೇನೆ ಎನ್ನುವುದು ನನ್ನದೇ ಕಸುಬು, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ 1,800 ಕೊಟ್ಟು ನಾಲ್ಕು ತಂತಿಯ ಪುಟ್ಟ ಗಿಟಾರಿನಂಥ ಉಕುಲೇಲೆಯನ್ನೂ ತಂದೆ, ಭಾನುವಾರದ ಖಾಲಿ ಲೋಕಲ್‌ನಲ್ಲಿ ಅಭ್ಯಾಸಕ್ಕೆಂದು. ಶೇಪು ಅವೇ, ಹೆಸರು ಬೇರೆ: ಗಿಟಾರಿನ ಡಿ ಹಿಡಿದರೆ ಅದರಲ್ಲಿ ಜಿ ನುಡಿಯುತ್ತದೆ. ಮೂರು ವಾರದಲ್ಲಿ ಎರಡೂ ಕಲಸಿಹೋದವು. ಅದು ಈಗ ಅಕ್ಕನ ಮಗಳ ಹತ್ತಿರ ಇದೆ, ಚೆನ್ನಾಗಿ ನುಡಿಸುತ್ತಾಳೆ.

ಕಳೆದ ಗಣೇಶೋತ್ಸವದಲ್ಲಿ ಪರೀಕ್ಷೆ ಆಯಿತು. ಬಿಳಿ ಒಂದರಲ್ಲಿ, ಅಂದರೆ ಸಿ ಶ್ರುತಿಯಲ್ಲಿ, ತಾಲೀಮು ಮಾಡಿದ್ದ ಹಾಡು. ಗಾಯಕಿಗೆ ಗಂಟಲು ಕಟ್ಟಿತ್ತು. ವೇದಿಕೆ ಹತ್ತುವಾಗ “ಅಣ್ಣಾ, ಕರಿ ಐದಕ್ಕೆ ಇಳಿಸಿ” ಅಂದರು, ಅಂದರೆ ಸಿಗಿಂತ ಎರಡು ಫ್ರೆಟ್ ಕೆಳಗಿನ ಶ್ರುತಿಗೆ. ಕ್ಯಾಪೋ ಏರಿಸುತ್ತದೆ, ಇಳಿಸುವುದಿಲ್ಲ. ನಾನು ಕೈಯನ್ನು ಎರಡು ಫ್ರೆಟ್ ಹಿಂದೆ ತಂದೆ: 3-3-1, 3-4-3, 2-1-1. ಕೀಬೋರ್ಡಿನವರು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಹುಡುಕುವಷ್ಟರಲ್ಲಿ ನನ್ನ ಪಲ್ಲವಿ ಶುರುವಾಗಿತ್ತು. ಮರುದಿನ ಅವರೇ ಫೋನ್ ಮಾಡಿ ಕೇಳಿದರು, “ಅದು ಹೇಗೆ ಹಿಡಿದದ್ದು, ತೋರಿಸು.”

ಈಗ ಮೈನರ್ ಕಾರ್ಡ್ ಕಲಿಯಲು ಹಿಡಿದಿದ್ದೇನೆ. 5-5-3ರಲ್ಲಿ ನಡುವಿನ ತಂತಿಯನ್ನು ಒಂದು ಫ್ರೆಟ್ ಇಳಿಸಿದರೆ 5-4-3, ಸಿ ಮೈನರ್. 9-8-8 ಅಂತೂ ಸಾಲಾಗಿ 8-8-8.