ಹಳೆಯ ವಿಂಡೋಸನ್ನು ಹಾಗೆಯೇ ಹೊಸ ಗಣಕಯಂತ್ರಕ್ಕೆ ಒಯ್ದದ್ದು

ಗದಗಿನಲ್ಲಿ ನಾನು ನಡೆಸುವ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಶಿವಗಣಾರಾಧನೆಯ ಕಾರ್ಡು, ಜಾತ್ರೆಯ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ ಇವೇ ಮುಖ್ಯ ಕೆಲಸ. 2016ರಿಂದ ಇವೆಲ್ಲ ಒಂದೇ ಗಣಕಯಂತ್ರದಲ್ಲಿ ನಡೆದುಬಂದಿದ್ದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಯಂತ್ರದಲ್ಲಿದ್ದದ್ದು ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಪ್ರೊಸೆಸರ್. ಅದು ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿಲ್ಲ, ವಿಂಡೋಸ್ 11 ಕೇಳುವ, ಭದ್ರತೆಯ ಕೀಲಿಗಳನ್ನು ಕಾಯುವ ಟಿಪಿಎಂ 2.0 ಚಿಪ್ಪೂ ಯಂತ್ರದಲ್ಲಿರಲಿಲ್ಲ. ಹೀಗಾಗಿ ಹುಬ್ಬಳ್ಳಿಯಲ್ಲಿ ಹೊಸ ಯಂತ್ರವೊಂದನ್ನು ಜೋಡಿಸಿಕೊಂಡು ತಂದೆ.

ಜೋಡಿಸಿಕೊಟ್ಟವರು, "ಎಲ್ಲಾ ಹೊಸದಾಗಿ ಹಾಕಿಬಿಡೋಣ್ರೀ ಸರ್, ಒಂದ್ ತಾಸಿನ ಕೆಲಸ" ಎಂದರು. ಅವರ ಪಾಲಿಗೆ ಅದು ನಿಜವಾಗಿಯೂ ಒಂದು ತಾಸಿನ ಕೆಲಸ. ಆದರೆ ನನ್ನ ಹಳೆಯ ಕಡತಗಳಲ್ಲಿ ಹೆಚ್ಚಿನವು ಯೂನಿಕೋಡ್‌ಗಿಂತ ಹಿಂದಿನ ನುಡಿ ಫಾಂಟುಗಳಲ್ಲಿವೆ. ಅವುಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂಡಿಸಿರುತ್ತಾರೆ. ಸರಿಯಾದ ಫಾಂಟು ಸಿಗದಿದ್ದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಒಂದೇ ಹೆಸರಿನ ಫಾಂಟಿನ ಬೇರೆ ಆವೃತ್ತಿ ಸಿಕ್ಕರೆ ಇನ್ನೂ ಅಪಾಯ, ಏಕೆಂದರೆ ಪುಟವೆಲ್ಲ ಸರಿಯಾಗಿಯೇ ಕಂಡು ಎಲ್ಲೋ ಒಂದು ಒತ್ತಕ್ಷರ ಮಾತ್ರ ತಪ್ಪಿರುತ್ತದೆ, ಅದು ಕಣ್ಣಿಗೆ ಬೀಳುವುದು ಸಾವಿರ ಪ್ರತಿ ಅಚ್ಚಾದ ಮೇಲೆ. ಪೇಜ್‌ಮೇಕರ್, ಕೋರೆಲ್ ಡ್ರಾ, ಲೇಸರ್ ಪ್ರಿಂಟರಿನ ಅಳತೆಗಳು ಎಲ್ಲವೂ ಒಂದಕ್ಕೊಂದು ಹೊಂದಿಕೊಳ್ಳಲು ವರ್ಷಗಳು ಹಿಡಿದಿವೆ. ಆದ್ದರಿಂದ ಹೊಸದಾಗಿ ಹಾಕದೆ, ಇದ್ದ ವ್ಯವಸ್ಥೆಯನ್ನೇ ಇಡಿಯಾಗಿ ಒಯ್ಯುವುದೆಂದು ನಿರ್ಧರಿಸಿದೆ.

ಮೊದಲು ಪರವಾನಗಿಯ ಪ್ರಶ್ನೆ. ಯಂತ್ರದೊಡನೆಯೇ ಬರುವ ಓಇಎಂ ಪರವಾನಗಿಯು ಆ ಯಂತ್ರಕ್ಕೇ ಸೀಮಿತ. ಬೇರೆಯಾಗಿ ಕೊಂಡ ರಿಟೇಲ್ ಪರವಾನಗಿಯನ್ನು ಮಾತ್ರ ಹಳೆಯ ಯಂತ್ರದಿಂದ ತೆಗೆದು ಹೊಸದರಲ್ಲಿ ಬಳಸಬಹುದು. ನನ್ನದು ರಿಟೇಲ್ ಆಗಿತ್ತು, ಅದರ ಕೀಲಿ ಸಂಖ್ಯೆಯ ಚೀಟಿಯನ್ನೂ ಜೋಪಾನವಾಗಿ ಇಟ್ಟಿದ್ದೆ. ವ್ಯವಸ್ಥೆ 64 ಬಿಟ್‌ನದೇ ಎಂಬುದನ್ನೂ ನೋಡಿಕೊಂಡೆ, ಏಕೆಂದರೆ 32 ಬಿಟ್ ವಿಂಡೋಸ್‌ನಿಂದ ಎಲ್ಲವನ್ನೂ ಉಳಿಸಿಕೊಂಡು ವಿಂಡೋಸ್ 11ಕ್ಕೆ ಏರುವ ದಾರಿ ಇಲ್ಲ.

ಹಳೆಯ ಯಂತ್ರವನ್ನು ಸ್ಥಳಾಂತರಕ್ಕೆ ಸಿದ್ಧಗೊಳಿಸಲು ಒಂದು ಭಾನುವಾರ ಪೂರ್ತಿ ಹೋಯಿತು. ಆ ದಿನ ಹೋದದ್ದಕ್ಕೆ ನನಗೆ ಸ್ವಲ್ಪವೂ ಬೇಸರವಿಲ್ಲ. ಡಿ ಡ್ರೈವಿನ ಎಲ್ಲ ಕಡತಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ನಕಲಿಸಿದೆ. ಚೆಕ್‌ಡಿಸ್ಕ್ ಓಡಿಸಿ ಡಿಸ್ಕಿನಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡೆ. ಗ್ರಾಫಿಕ್ಸ್ ಕಾರ್ಡಿನ ಚಾಲಕ ತಂತ್ರಾಂಶವನ್ನು (ಡ್ರೈವರ್) ಮತ್ತು ಹಳೆಯ ಮದರ್‌ಬೋರ್ಡಿನವರು ಕೊಟ್ಟಿದ್ದ ಉಪಕರಣಗಳನ್ನು ತೆಗೆದುಹಾಕಿದೆ. ಫಾಸ್ಟ್ ಸ್ಟಾರ್ಟಪ್ ಮತ್ತು ಹೈಬರ್ನೇಶನ್ ಎರಡನ್ನೂ ನಿಲ್ಲಿಸಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳದೆ ಅರ್ಧ ನಿದ್ರೆಯಲ್ಲಿರುತ್ತದೆ, ಆ ಸ್ಥಿತಿಯ ಡಿಸ್ಕನ್ನು, ಇಡೀ ಡಿಸ್ಕಿನ ಪ್ರತಿ ತೆಗೆಯುವ ಕ್ಲೋನ್‌ಜಿಲ್ಲಾದಂಥ ಉಪಕರಣ ನಕಲಿಸಲು ಒಪ್ಪುವುದಿಲ್ಲ.

ಹೊಸ ಯಂತ್ರಕ್ಕೆ 512 ಜಿಬಿಯ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಡಿಸ್ಕ್ ಕೊಂಡಿದ್ದೆ. ಹಳೆಯದು 500 ಜಿಬಿಯ ಹಾರ್ಡ್‌ಡಿಸ್ಕ್. ನಕಲು ಇಳಿಯುವ ಡಿಸ್ಕ್ ಮೂಲಕ್ಕಿಂತ ಚಿಕ್ಕದಾಗಿದ್ದರೆ ಕೆಲಸ ಜಟಿಲವಾಗುತ್ತದೆ, ಆದ್ದರಿಂದ ಈ ಹನ್ನೆರಡು ಜಿಬಿಯ ಅಂತರ ನನಗೆ ನೆಮ್ಮದಿ ಕೊಟ್ಟಿತು. ಹೊಸ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಕೂಡಿಸಿ, ಹಳೆಯ ಯಂತ್ರವನ್ನು ಪೆನ್‌ಡ್ರೈವಿನಲ್ಲಿದ್ದ ಕ್ಲೋನ್‌ಜಿಲ್ಲಾದಿಂದ ಆರಂಭಿಸಿ, ಡಿಸ್ಕಿನಿಂದ ಡಿಸ್ಕಿಗೆ ನೇರವಾಗಿ ನಕಲು ಮಾಡಿದೆ. ಯಾವುದು ಮೂಲ, ಯಾವುದು ಗುರಿ ಎಂದು ಅದು ಕೇಳುವಲ್ಲಿ ಡಿಸ್ಕಿನ ಮಾದರಿ ಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಂಡು ಹೋಲಿಸಿ ನೋಡಬೇಕು. ಅದಲುಬದಲಾದರೆ ಖಾಲಿ ಡಿಸ್ಕು ಮೂಲದ ಮೇಲೆ ಬಂದು ಎಲ್ಲವೂ ಅಳಿಸಿಹೋಗುತ್ತದೆ. ನಡುವೆ ಕರೆಂಟು ಹೋದರೂ ಕೆಲಸ ನಿಲ್ಲದಂತೆ ಯುಪಿಎಸ್ ಮೇಲೆಯೇ ನಡೆಸಿದೆ.

ಇಲ್ಲಿಂದ ಮುಂದಿನದೇ ನಿಜವಾದ ಕಷ್ಟ. ಹಳೆಯ ಯಂತ್ರ ಬಯೋಸ್ ಎಂಬ ಹಳೆಯ ಆರಂಭಪದ್ಧತಿಯಲ್ಲಿ, ಡಿಸ್ಕಿನ ಭಾಗಗಳನ್ನು ಎಂಬಿಆರ್ ಎಂಬ ಹಳೆಯ ಬಗೆಯಲ್ಲಿ ಗುರುತಿಸುವ ವಿಭಾಗಪಟ್ಟಿಯಿಂದ ಆರಂಭವಾಗುತ್ತಿತ್ತು. ಹೊಸ ಮದರ್‌ಬೋರ್ಡು ಯುಇಎಫ್‌ಐ ಎಂಬ ಹೊಸ ಪದ್ಧತಿಯನ್ನು ಮಾತ್ರ ಒಪ್ಪುವುದರಿಂದ ಡಿಸ್ಕಿನ ಪಟ್ಟಿಯನ್ನು ಜಿಪಿಟಿ ಎಂಬ ಹೊಸ ಬಗೆಗೆ ಬದಲಿಸಲೇಬೇಕಿತ್ತು. ಮೈಕ್ರೋಸಾಫ್ಟ್‌ನದೇ ಆದ ಎಂಬಿಆರ್2ಜಿಪಿಟಿ ಎಂಬ ಉಪಕರಣ ಕಡತಗಳನ್ನು ಅಳಿಸದೆ ಇದನ್ನು ಮಾಡುತ್ತದೆ. ನಕಲಾದ ಡಿಸ್ಕನ್ನು ಹೊಸ ಯಂತ್ರದಲ್ಲಿ ಕೂಡಿಸಿ, ಅದನ್ನು ವಿಂಡೋಸ್ 10 ಅಳವಡಿಸುವ ಪೆನ್‌ಡ್ರೈವಿನಿಂದ ಆರಂಭಿಸಿ, ಶಿಫ್ಟ್ ಮತ್ತು ಎಫ್10 ಒತ್ತಿ ಆದೇಶದ ಕಿಟಕಿ ತೆರೆದಾಗ ಡಿಸ್ಕುಗಳ ಪಟ್ಟಿಯಲ್ಲಿ ನನ್ನ ಡಿಸ್ಕೇ ಕಾಣಲಿಲ್ಲ. ಕ್ಷಣಕಾಲ ಎದೆ ಧಸಕ್ಕೆಂದಿತು. ಕಾರಣ, ಎನ್‌ವಿಎಂಇ ಡಿಸ್ಕುಗಳನ್ನು ತನ್ನ ಹತೋಟಿಯಲ್ಲಿಟ್ಟುಕೊಳ್ಳುವ ಇಂಟೆಲ್‌ನ ವಿಎಂಡಿ ಎಂಬ ವ್ಯವಸ್ಥೆಯ ಹಿಂದೆ ಡಿಸ್ಕ್ ಅಡಗಿತ್ತು, ಅದರ ಚಾಲಕ ತಂತ್ರಾಂಶ ಆ ಪೆನ್‌ಡ್ರೈವಿನಲ್ಲಿರಲಿಲ್ಲ. ಯಂತ್ರದ ಸೆಟಪ್ಪಿಗೆ ಹೋಗಿ ವಿಎಂಡಿಯನ್ನು ನಿಲ್ಲಿಸಿದೊಡನೆ ಡಿಸ್ಕ್ ಕಂಡಿತು.

ಪರಿಶೀಲನೆಯ ಆದೇಶ ಕೊಟ್ಟರೆ ಅದೂ ವಿಫಲವಾಯಿತು. ಎಂಬಿಆರ್2ಜಿಪಿಟಿ ಗರಿಷ್ಠ ಮೂರು ಪ್ರೈಮರಿ ವಿಭಾಗಗಳಿರುವ ಡಿಸ್ಕನ್ನು ಮಾತ್ರ ಒಪ್ಪುತ್ತದೆ. ನನ್ನದರಲ್ಲಿ ಸಿಸ್ಟಮ್ ರಿಸರ್ವ್ಡ್, ಸಿ, ರಿಕವರಿ, ಡಿ ಎಂದು ನಾಲ್ಕಿದ್ದವು. ಇರುವುದು ನಕಲು, ಮೂಲ ಡಿಸ್ಕ್ ಕಪಾಟಿನಲ್ಲಿ ಸುರಕ್ಷಿತವಾಗಿದೆ ಎಂಬ ಧೈರ್ಯದ ಮೇಲೆ ರಿಕವರಿ ವಿಭಾಗವನ್ನು ಅಳಿಸಿದೆ. ಆಮೇಲೆ ಪರಿಶೀಲನೆಯೂ ಪರಿವರ್ತನೆಯೂ ಒಂದು ನಿಮಿಷದೊಳಗೆ ಮುಗಿದವು. ಹಳೆಯ ಸಿಸ್ಟಮ್ ರಿಸರ್ವ್ಡ್ ವಿಭಾಗವೇ, ಹೊಸ ಪದ್ಧತಿಯಲ್ಲಿ ಯಂತ್ರ ಆರಂಭವಾಗಲು ಬೇಕಾದ ಇಎಫ್‌ಐ ವಿಭಾಗವಾಗಿ ಮಾರ್ಪಟ್ಟಿತು.

ಆದರೂ ಮೊದಲ ಬಾರಿ ಆರಂಭಿಸಿದಾಗ ನೀಲಿ ಪರದೆಯ ಮೇಲೆ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್', ಅಂದರೆ ಆರಂಭದ ಡಿಸ್ಕ್ ಕೈಗೆ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಹಳೆಯ ಯಂತ್ರದಲ್ಲಿ ಎನ್‌ವಿಎಂಇ ಡಿಸ್ಕ್ ಎಂದೂ ಇರಲಿಲ್ಲವಾದ್ದರಿಂದ, ಅದರ ಚಾಲಕ ತಂತ್ರಾಂಶ ವಿಂಡೋಸ್‌ನೊಳಗೇ ಇದ್ದರೂ ಆರಂಭದ ಹೊತ್ತಿನಲ್ಲಿ ಎಚ್ಚರವಾಗದಂತೆ ನೋಂದಣಿಯಾಗಿತ್ತು. ಮತ್ತೆ ಪೆನ್‌ಡ್ರೈವಿನಿಂದ ಒಳಹೊಕ್ಕು, ಬಿಸಿಡಿಎಡಿಟ್ ಆದೇಶದಿಂದ ಮುಂದಿನ ಆರಂಭ ಸೇಫ್ ಮೋಡಿನಲ್ಲಿ (ತೀರ ಅಗತ್ಯದ ತಂತ್ರಾಂಶಗಳಷ್ಟರಿಂದಲೇ ಏಳುವ ಸ್ಥಿತಿ) ಆಗುವಂತೆ ಮಾಡಿದೆ. ಸೇಫ್ ಮೋಡಿನಲ್ಲಿ ವಿಂಡೋಸ್ ಡಿಸ್ಕಿನ ಚಾಲಕಗಳನ್ನು ಹಳೆಯ ನೋಂದಣಿಗೆ ಕಟ್ಟುಬೀಳದೆ ಎಬ್ಬಿಸುತ್ತದೆ, ಒಮ್ಮೆ ಹಾಗೆ ಎದ್ದ ಮೇಲೆ ನೋಂದಣಿಯೂ ಸರಿಯಾಗುತ್ತದೆ. ಪರದೆಯ ಮೂಲೆಗಳಲ್ಲಿ ಸೇಫ್ ಮೋಡ್ ಎಂಬ ಬರಹದೊಡನೆ ನನ್ನದೇ ಡೆಸ್ಕ್‌ಟಾಪ್ ಮೂಡಿ ಬಂದಾಗ ಆದ ಸಂತೋಷವನ್ನು ಮರೆಯಲಾರೆ. ಸೇಫ್ ಮೋಡಿನ ಗುರುತನ್ನು ತೆಗೆದು ಮತ್ತೆ ಆರಂಭಿಸಿದೆ. ಯಾವ ತಕರಾರೂ ಇಲ್ಲದೆ ಎದ್ದು ಕೂತಿತು.

ಉಳಿದದ್ದು ಸುಲಭದ ಕೆಲಸ. ಹೊಸ ಬೋರ್ಡಿನ ನೆಟ್‌ವರ್ಕ್ ಚಾಲಕವನ್ನು ಮೊದಲೇ ಪೆನ್‌ಡ್ರೈವಿನಲ್ಲಿ ಇಳಿಸಿಕೊಂಡಿದ್ದರಿಂದ ಅಂತರ್ಜಾಲ ಸಿಕ್ಕಿತು, ಕೀಲಿ ಸಂಖ್ಯೆ ಕೊಟ್ಟಾಗ ವಿಂಡೋಸ್ ಸಕ್ರಿಯವಾಯಿತು. ಡಿ ಡ್ರೈವಿನ ಅಕ್ಷರ ಬದಲಾಗಿಲ್ಲವೆಂದು ವಿಶೇಷವಾಗಿ ನೋಡಿದೆ, ಏಕೆಂದರೆ ಪುಟಗಳಿಗೆ ಜೋಡಿಸಿದ ಚಿತ್ರಗಳ ದಾರಿಯೆಲ್ಲ ಆ ಅಕ್ಷರವನ್ನೇ ಹಿಡಿದಿದೆ. ಎರಡು ವಾರ ಎಂದಿನಂತೆ ಕೆಲಸ ಮಾಡಿ, ಎಲ್ಲವೂ ಸರಿಯಿದೆ ಎಂದಾದ ಮೇಲೆ ಸೆಟಪ್ಪಿನಲ್ಲಿ ಟಿಪಿಎಂ ಮತ್ತು ನಂಬಿಕೆಯ ತಂತ್ರಾಂಶದಿಂದಷ್ಟೇ ಯಂತ್ರ ಆರಂಭವಾಗುವಂತೆ ನೋಡಿಕೊಳ್ಳುವ ಸೆಕ್ಯೂರ್ ಬೂಟ್ ಚಾಲೂ ಮಾಡಿ, ಕಡತ ಮತ್ತು ತಂತ್ರಾಂಶಗಳನ್ನು ಉಳಿಸಿಕೊಳ್ಳುವ ಆಯ್ಕೆಯೊಂದಿಗೆ ವಿಂಡೋಸ್ 11ಕ್ಕೆ ಏರಿಸಿದೆ. ಎರಡನ್ನೂ ಒಂದೇ ದಿನ ಮಾಡಿದ್ದರೆ, ಏನಾದರೂ ಕೆಟ್ಟಾಗ ಅದು ಸ್ಥಳಾಂತರದ ದೋಷವೋ ಹೊಸ ಆವೃತ್ತಿಯದೋ ಎಂದು ತಿಳಿಯುತ್ತಿರಲಿಲ್ಲ.

ಅದಾದ ಮೇಲೆ 2017ರ ಒಂದು ಲಗ್ನಪತ್ರಿಕೆಯ ಕಡತವನ್ನು ತೆರೆದು ಅಚ್ಚು ತೆಗೆದು, ಆಗಿನ ಕಾರ್ಡಿನ ಪಕ್ಕದಲ್ಲಿಟ್ಟು ಒಂದೊಂದು ಒತ್ತಕ್ಷರವನ್ನೂ ಬೆರಳಿಟ್ಟು ನೋಡಿದೆ. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಹಳೆಯ ಡಿಸ್ಕಿಗೆ ದಿನಾಂಕದ ಚೀಟಿ ಅಂಟಿಸಿ ಕಪಾಟಿನಲ್ಲಿಯೇ ಇಟ್ಟಿದ್ದೇನೆ. ಈ ಮದುವೆಯ ಹಂಗಾಮು ಮುಗಿಯುವವರೆಗೆ ಅದನ್ನು ಅಳಿಸುವುದಿಲ್ಲ.